ಲಾರಿ ತೆಗೆದ ಮೇಲೆ: ಒಂದು ಕಾದಂಬರಿ ಕರಡಿನ ಪ್ರಕರಣ ಅಧ್ಯಯನ

ಬೇರೆಯವರ ಕರಡು ಓದಿ, ಕಥೆ ಎಲ್ಲಿ ನಿಂತಿದೆ, ಎಲ್ಲಿ ಕುಸಿದಿದೆ ಅಂತ ಹೇಳುವುದು ನನ್ನ ಕೆಲಸ. ಈ ಬರಹ ಅಂಥ ಒಂದೇ ಒಂದು ಕರಡಿನ ಬಗ್ಗೆ. ಲೇಖಕಿಗೆ ಇದು ಮೊದಲ ಕಾದಂಬರಿ. ಹೆಸರು ಹಾಕಬೇಡಿ, ಕರಡಿನ ಬಗ್ಗೆ ಏನು ಬೇಕಾದರೂ ಬರೆಯಿರಿ ಎಂದಿದ್ದಾರೆ. ಹಾಗಾಗಿ ಅವರನ್ನು ಲೇಖಕಿ ಅಂತಲೇ ಕರೆಯುತ್ತೇನೆ. ಪಾತ್ರಗಳಿಗೂ ಹೆಸರು ಬೇಡ. ಅಪ್ಪ, ಅಮ್ಮ, ಅಣ್ಣ, ತಂಗಿ ಅಂದರೆ ಸಾಕು.

ಕಥೆ ಇಷ್ಟು. ಸಂಬಂಧಿಕರ ಮನೆಯ ಸಮಾರಂಭ ಮುಗಿಸಿಕೊಂಡು ನಾಲ್ವರೂ ರಾತ್ರಿಯೇ ಕಾರಿನಲ್ಲಿ ಹೊರಡುತ್ತಾರೆ. ಬೆಳಗಿನ ಜಾವ 3 ಗಂಟೆ ಸುಮಾರಿಗೆ ಅಪಘಾತ ಆಗುತ್ತದೆ. ಮುಂದಿನ ಸೀಟಿನಲ್ಲಿದ್ದ 17 ವರ್ಷದ ಮಗ ಅಲ್ಲೇ ಸಾಯುತ್ತಾನೆ. ಕಾರು ಓಡಿಸುತ್ತಿದ್ದ ಅಪ್ಪನ ಬಲಗೈ ಮಣಿಕಟ್ಟು ಮುರಿಯುತ್ತದೆ. ಹಿಂದೆ ನಿದ್ದೆ ಮಾಡುತ್ತಿದ್ದ ಅಮ್ಮನಿಗೂ 11 ವರ್ಷದ ಮಗಳಿಗೂ ತರಚು ಗಾಯ. ಇದೆಲ್ಲ ಮೊದಲ 20 ಪುಟಗಳಲ್ಲೇ ಮುಗಿದುಹೋಗುತ್ತದೆ. ಉಳಿದ 390 ಪುಟ, ಮೂವರೇ ಉಳಿದ ಆ ಮನೆಯದು.

ನನಗಿಂತ ಮೊದಲು ಓದಿದ ಇಬ್ಬರೂ ಒಂದೇ ಮಾತು ಹೇಳಿದ್ದರಂತೆ: "ಶುರು ಚೆನ್ನಾಗಿದೆ, ಅಳು ಬಂತು, ಆದ್ರೆ ಮಧ್ಯದಲ್ಲಿ ಕಥೆ ಕೂತುಬಿಡುತ್ತೆ." ಯಾಕೆ ಕೂರುತ್ತೆ ಅಂತ ಇಬ್ಬರಿಗೂ ಹೇಳಲು ಆಗಿರಲಿಲ್ಲ. ಲೇಖಕಿ ತಾವೇ ಮಧ್ಯದ ಭಾಗವನ್ನು ಕತ್ತರಿಸಿ ಗಿಡ್ಡ ಮಾಡಿದ್ದರು. ಗಿಡ್ಡ ಆದರೂ ಕಥೆ ಕೂತೇ ಇತ್ತು.

ಎದುರಿನಿಂದ ಬಂದ ಲಾರಿ

ಆ ಕರಡಿನಲ್ಲಿ ಅಪಘಾತಕ್ಕೆ ಕಾರಣ ಒಂದು ಲಾರಿ. ಕುಡಿದ ಚಾಲಕ, ತಪ್ಪು ಬದಿ, ಕಣ್ಣು ಕುಕ್ಕುವ ಹೆಡ್‌ಲೈಟು. ಅಪ್ಪ ಸ್ಟೀರಿಂಗ್ ತಿರುಗಿಸುತ್ತಾನೆ, ಅಷ್ಟರಲ್ಲಿ ತಡವಾಗಿರುತ್ತದೆ. ಆಮೇಲೆ ಕಥೆಯ ಸಿಟ್ಟೆಲ್ಲ ಆ ಚಾಲಕನ ಬೆನ್ನು ಹತ್ತುತ್ತದೆ. ಅವನು ಸಿಗುತ್ತಾನೆ, ಜಾಮೀನು ಪಡೆಯುತ್ತಾನೆ, ಕೋರ್ಟಿಗೆ ಬರುತ್ತಾನೆ. ಬರೀ ಕೋರ್ಟೇ ನೂರು ಪುಟ ತಿಂದಿತ್ತು.

ನನಗೆ ಅನ್ನಿಸಿದ ತೊಡಕು ಇದು. ತಪ್ಪೆಲ್ಲ ಮನೆಯ ಹೊರಗಿನ ಒಬ್ಬನ ತಲೆಗೆ ಕಟ್ಟಿದರೆ, ಮನೆಯೊಳಗಿನವರಿಗೆ ಒಬ್ಬರಿಗೊಬ್ಬರು ಹೇಳಲಾಗದ್ದು ಅಂತ ಏನೂ ಉಳಿಯುವುದಿಲ್ಲ. ಅಪ್ಪ, ಅಮ್ಮ, ಮಗಳು ಮೂವರೂ ಒಂದೇ ಕಡೆ. ಮೂವರೂ ಒಟ್ಟಿಗೆ ಅಳುತ್ತಾರೆ, ಒಟ್ಟಿಗೆ ಸಿಟ್ಟಾಗುತ್ತಾರೆ, ಒಬ್ಬರನ್ನೊಬ್ಬರು ತಬ್ಬುತ್ತಾರೆ. ನಿಜ ಜೀವನದಲ್ಲಿ ಹಾಗೆ ಆದರೆ ಒಳ್ಳೆಯದೇ. ಕಾದಂಬರಿಯಲ್ಲಿ ಅದನ್ನೇ 390 ಪುಟ ಓದುವುದು ಕಷ್ಟ.

ಆದರೆ ಅದೇ ಕರಡಿನಲ್ಲಿ ಬೇರೆಯದೇ ಒಂದು ಕಥೆಯ ಗುರುತುಗಳಿದ್ದವು. 9ನೇ ಪುಟದಲ್ಲಿ ಅಪ್ಪ ಕಾರು ನಿಲ್ಲಿಸಿ ಮುಖ ತೊಳೆಯುತ್ತಾನೆ. 11ರಲ್ಲಿ ಕಿಟಕಿ ಪೂರ್ತಿ ಇಳಿಸುತ್ತಾನೆ. 12ರಲ್ಲಿ ರೇಡಿಯೋ ಜೋರು ಮಾಡುತ್ತಾನೆ, ಹಿಂದಿನಿಂದ ಮಗಳು ಗೊಣಗುತ್ತಾಳೆ. ಅವತ್ತು ಅವನು ಬೆಳಗ್ಗೆ 5ಕ್ಕೇ ಎದ್ದಿದ್ದ ಅನ್ನುವುದೂ ಒಂದು ಕಡೆ ಬಂದಿದೆ. ಎದುರಿನಿಂದ ಲಾರಿ ಬಂದು ಗುದ್ದುವ ಕಥೆಗೆ ಇವು ಯಾವುದೂ ಬೇಕಿಲ್ಲ, ಅಲ್ವಾ? ಹಾಗಿದ್ದರೆ ಯಾಕಿವೆ?

ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲನೇ ಡ್ರಾಫ್ಟ್‌ನಲ್ಲಿ ಲಾರಿ ಇರ್ಲಿಲ್ಲ ಸರ್. ಅಪ್ಪಂಗೆ ನಿದ್ದೆ ಬಂದಿರುತ್ತೆ. ಆದ್ರೆ ಬರೀತಾ ಬರೀತಾ ಭಯ ಆಯ್ತು. ಓದೋರು ಅವನನ್ನ ಕ್ಷಮಿಸಲ್ಲ ಅನ್ನಿಸ್ತು."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಲಾರಿ ಬಂದದ್ದು ಅಪ್ಪನನ್ನು ಕಾಪಾಡಲು. ಅಪ್ಪ ಉಳಿದುಕೊಂಡ, ಕಾದಂಬರಿ ಹೋಯಿತು. ನನ್ನ ಮೊದಲ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಸಾಲು: ಲಾರಿ ತೆಗೆಯಿರಿ.

ನಾಲ್ಕು ಸೆಕೆಂಡು

ತೆಗೆಯುವುದು ಸುಲಭ. ಅದರ ಜಾಗದಲ್ಲಿ ಬರುವುದನ್ನು ಓದುಗರು ನಂಬಬೇಕಲ್ಲ. ನಿದ್ದೆಯಿಂದಾಗುವ ಅಪಘಾತ ಹೇಗಿರುತ್ತದೆ ಅಂತ ಲೇಖಕಿಗೆ ಗೊತ್ತಿರಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ತಲೆ ತೂಗಿ, ಕಣ್ಣು ಮುಚ್ಚಿ, ಗೊರಕೆ ಹೊಡೆಯುವುದು ಅಂದುಕೊಂಡಿದ್ದರು.

ನಿಜದಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣುವುದೇ ಇಲ್ಲ. ತುಂಬಾ ದಣಿದ ಮಿದುಳು ಕೆಲವೇ ಸೆಕೆಂಡು ತಾನಾಗಿ ಮಂಕಾಗುತ್ತದೆ. ಕಣ್ಣು ತೆರೆದೇ ಇರಬಹುದು. ಎಚ್ಚರ ಆದವನಿಗೆ ತಾನು ನಿದ್ದೆ ಮಾಡಿದೆ ಅನ್ನುವ ನೆನಪೂ ಇರಬೇಕೆಂದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಅಂದರೆ ಹತ್ತಿರ ಹತ್ತಿರ 89 ಮೀಟರ್. ಅಷ್ಟು ದೂರ ಯಾರೂ ಓಡಿಸದ ಕಾರು.

ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕೆಲಸಕ್ಕೆ ಬಂತು. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಆದರೆ 0.10 ಶೇಕಡಾದ ಮಟ್ಟ. ಕರಡಿನ ಅಪ್ಪ ಬೆಳಗ್ಗೆ 5ಕ್ಕೆ ಎದ್ದು ಮಾರನೇ ದಿನ ಬೆಳಗಿನ ಜಾವ 3ಕ್ಕೆ ಕಾರು ಓಡಿಸುತ್ತಿದ್ದಾನೆ. 22 ಗಂಟೆ. ಲೇಖಕಿ ಹಳೇ ಕರಡಿನಲ್ಲಿ ಲಾರಿಯವನಿಗೆ ಕುಡಿಸಿದ್ದರು. ಅಷ್ಟೇ ಮಟ್ಟದಲ್ಲಿ, ಒಂದು ಹನಿಯೂ ಕುಡಿಯದೆ, ಅಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದ. ಇದನ್ನು ಹೇಳಿದಾಗ ಅವರು ಫೋನ್ ಇಡುತ್ತೇನೆ, ಆಮೇಲೆ ಮಾಡುತ್ತೇನೆ ಎಂದರು.

ಕಿಟಕಿ ಇಳಿಸುವುದು, ರೇಡಿಯೋ ಹಾಕುವುದು ಬಹಳ ಜನ ಮಾಡುವ ಉಪಾಯ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ, ಅದೂ ಸ್ವಲ್ಪ ಹೊತ್ತಿಗೆ. ಗಾಡಿ ನಿಲ್ಲಿಸಿ ಕಾಫಿ ಕುಡಿದು, ಕಾಲು ಗಂಟೆಯಷ್ಟು ಕಣ್ಣು ಮುಚ್ಚುವುದು ಅದಕ್ಕಿಂತ ಎಷ್ಟೋ ಮೇಲು. ಮುಖ ತೊಳೆಯಲು ನಿಲ್ಲಿಸಿದ ಆ ಜಾಗದಲ್ಲೇ ಕಾಲು ಗಂಟೆ ಮಲಗಿದ್ದರೆ?

ಈ ಪ್ರಶ್ನೆಯಿಂದ ಇಡೀ ಕಾದಂಬರಿಯ ಮುಖ್ಯ ಮಾತು ಹುಟ್ಟಿತು. ಅದು ಲೇಖಕಿಯದೇ, ನನ್ನದಲ್ಲ. ಹೊಸ ಕರಡಿನಲ್ಲಿ, ಅಪ್ಪ ಮುಖ ತೊಳೆಯುವಾಗ ಮಗ ಹೇಳುತ್ತಾನೆ: "ಅಪ್ಪ, ಸ್ವಲ್ಪ ಹೊತ್ತು ಇಲ್ಲೇ ಮಲಗೋಣ." ಅಮ್ಮನಿಗೆ ಬೆಳಗ್ಗೆ 6ಕ್ಕೆ ಡ್ಯೂಟಿ. ಹಿಂದಿನ ಸೀಟಿನಿಂದ ಕಣ್ಣು ಬಿಡದೆಯೇ ಅವಳು ಅನ್ನುತ್ತಾಳೆ: "ಇನ್ನೊಂದು ಗಂಟೆ ಅಷ್ಟೇ ಅಲ್ವಾ, ಮನೆಗೇ ಹೋಗಿ ಮಲಗಿದ್ರಾಯ್ತು." ಅಷ್ಟೇ. ಎಲ್ಲ ಮನೆಗಳಲ್ಲೂ ದಿನಕ್ಕೆ ಹತ್ತು ಸಲ ಬರುವಂಥ ಮಾತು. ಅಪ್ಪ ಕಾರು ಹತ್ತುತ್ತಾನೆ.

ಆ ಮಾತು ಅಪ್ಪನಿಗೆ ನೆನಪಿದೆ. ಅಮ್ಮನಿಗೂ ನೆನಪಿದೆಯಾ? ಅವಳು ಅರೆನಿದ್ದೆಯಲ್ಲಿ ಹೇಳಿದ್ದು. ಅಪ್ಪನಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಅರ್ಧ ತಪ್ಪು ಅವಳಿಗೆ ಕೊಟ್ಟ ಹಾಗೆ. ಕೇಳದಿದ್ದರೆ ಪೂರ್ತಿ ತನ್ನದು. ಮಧ್ಯದಲ್ಲಿ ಕೂತಿದ್ದ ಕಥೆ ಇಲ್ಲಿಂದ ಎದ್ದಿತು.

ಫಾರಂ

ಲಾರಿ ಹೋದ ಮೇಲೆ ಪೊಲೀಸರು, ವಿಮೆ, ಕೋರ್ಟು ಎಲ್ಲವೂ ಮನೆಯ ಕಡೆಗೇ ತಿರುಗುತ್ತವೆ. ಮಗನನ್ನು ಕಳೆದುಕೊಂಡ ಅಪ್ಪನೇ ತನಿಖೆಯಲ್ಲಿ ಉತ್ತರ ಕೊಡಬೇಕಾದವನು. ಒಂದೇ ದಿನ ಒಂದು ಕಾಗದದಲ್ಲಿ ಅವನು ಮೃತನ ತಂದೆ, ಇನ್ನೊಂದರಲ್ಲಿ ವಾಹನದ ಚಾಲಕ. ಎರಡೂ ಕಡೆ ಅವನದೇ ಸಹಿ. ಲೇಖಕಿಗೆ ನೂರು ಪುಟದ ಕೋರ್ಟು ಬೇಡವೇ ಬೇಡ ಎಂದೆ. ಎರಡು ದೃಶ್ಯ ಸಾಕು.

ಒಂದು, ವಿಮೆಯ ಫಾರಂ. ಅಪ್ಪನ ಬಲಗೈಗೆ ಪ್ಲಾಸ್ಟರ್ ಹಾಕಿದೆ, ಬರೆಯಲು ಆಗುವುದಿಲ್ಲ. ಮಗಳನ್ನು ಕೂರಿಸಿಕೊಳ್ಳುತ್ತಾನೆ. ಅವಳ ಅಕ್ಷರ ದುಂಡಗಿದೆ. ಹೆಸರು, ವಿಳಾಸ, ವಾಹನದ ನಂಬರು, ಅಪಘಾತದ ದಿನ, ಸಮಯ. ಅವನು ಹೇಳುತ್ತಾ ಹೋಗುತ್ತಾನೆ, ಅವಳು ಬರೆಯುತ್ತಾ ಹೋಗುತ್ತಾಳೆ. ಮುಂದಿನ ಜಾಗ: ಅಪಘಾತಕ್ಕೆ ಕಾರಣ. ಖಾಲಿ ಜಾಗ ಎರಡು ಬೆರಳಗಲ ಇದೆ. ಮಗಳು ಪೆನ್ನು ಹಿಡಿದು ಕಾಯುತ್ತಾಳೆ. ಅಪ್ಪ ಹೇಳುತ್ತಾನೆ: "ಅದನ್ನ ಬಿಡು, ಆಮೇಲೆ ಬರೆಯೋಣ. ಕೆಳಗೆ ಏನಿದೆ ಓದು." ಮಗಳು ಕೆಳಗಿನದನ್ನು ಓದುತ್ತಾಳೆ. ಅದು ಸಹಿಯ ಜಾಗ.

ಮೊದಲ ಸಲ ಬರೆದಾಗ ಈ ದೃಶ್ಯದಲ್ಲಿ ಅಪ್ಪ ಅತ್ತಿದ್ದ. ಅಳು ತೆಗೆಯಿರಿ ಎಂದು ಪಕ್ಕದಲ್ಲಿ ಬರೆದೆ. ಅವರು ತೆಗೆದರು, ಜೊತೆಗೆ ಮಗಳು ಅವನ ಮುಖ ನೋಡುವ ಸಾಲನ್ನೂ ತೆಗೆದರು. ಅದು ನನಗೆ ಹೊಳೆದಿರಲಿಲ್ಲ. ಈಗ ಅವಳು ಬರೀ ಕಾಗದ ನೋಡುತ್ತಾಳೆ, ಮತ್ತು ಅವಳಿಗೆ ಎಲ್ಲ ಗೊತ್ತಾಗಿದೆ ಅಂತ ನಮಗೆ ಗೊತ್ತಾಗುತ್ತದೆ.

ಎರಡನೆಯದು ಕೆಲವು ತಿಂಗಳ ನಂತರ ಬರುವ ತನಿಖಾ ವರದಿ. ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಘಟಕದೊಳಗೆ, ಡಿಕ್ಕಿಗೆ ಮುಂಚಿನ ಸುಮಾರು 5 ಸೆಕೆಂಡಿನ ವಿವರ ದಾಖಲಾಗುತ್ತದೆ. ವೇಗ ಎಷ್ಟು, ಬ್ರೇಕ್ ಒತ್ತಿದ್ದರಾ, ಆಕ್ಸಿಲರೇಟರ್ ಎಷ್ಟು ಒತ್ತಿತ್ತು. ನಿದ್ದೆಯಿಂದಾದ ಅಪಘಾತಕ್ಕೆ ಒಂದು ಲಕ್ಷಣ ಇದೆ. ಬ್ರೇಕ್ ಹಾಕಿದ ಗುರುತೇ ಇರುವುದಿಲ್ಲ, ಒಂದೇ ವಾಹನ ರಸ್ತೆ ಬಿಟ್ಟು ಹೋಗಿರುತ್ತದೆ, ಹೊತ್ತು ಸಾಮಾನ್ಯವಾಗಿ ಮಧ್ಯರಾತ್ರಿ ದಾಟಿದ ಮೇಲಿನದು. ವರದಿಯಲ್ಲಿ ಅಪ್ಪನಿಗೆ ಸಿಗುವುದು ಒಂದು ಸಣ್ಣ ಪಟ್ಟಿ. ಸೆಕೆಂಡಿಗೊಂದು ಸಾಲು. ಬ್ರೇಕ್ ಅನ್ನುವ ಕಡೆ ಐದೂ ಸಾಲಿನಲ್ಲಿ "ಇಲ್ಲ". ಅವನು ಇಷ್ಟು ದಿನ ಎಲ್ಲರಿಗೂ, ತನಗೂ, ಹೇಳಿಕೊಂಡು ಬಂದದ್ದು "ಬ್ರೇಕ್ ಹಾಕಿದೆ, ಹಿಡೀಲಿಲ್ಲ" ಅಂತ. ಸುಳ್ಳು ಹೇಳಿದ್ದಲ್ಲ. ನಿಜವಾಗಿ ಹಾಗೇ ನೆನಪಿತ್ತು ಅವನಿಗೆ. ನೆನಪು ತಾನೇ ತುಂಬಿಕೊಂಡಿದ್ದ ಬ್ರೇಕ್ ಅದು.

ಆ ಕಾಗದವನ್ನು ಅವನು ಎಲ್ಲಿಡುತ್ತಾನೆ ಅನ್ನುವುದರ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಜಗಳವಾಡಿದೆವು. ಹರಿದು ಹಾಕುವುದು ಬೇಡ, ಸುಡುವುದಂತೂ ಬೇಡ. ಕೊನೆಗೆ ಅದು ಕರೆಂಟ್ ಬಿಲ್ಲುಗಳ ಫೈಲಿಗೆ ಹೋಯಿತು. ಮನೆಯಲ್ಲಿ ಆ ಫೈಲು ನೋಡುವವನು ಅವನೊಬ್ಬನೇ.

ಐದು ಭಾಗಗಳ ತೊಂದರೆ

ಹಳೇ ಕರಡಿಗೆ ಐದು ಭಾಗಗಳಿದ್ದವು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ದುಃಖದ ಬಗ್ಗೆ ಬರೆಯುವ ಹತ್ತರಲ್ಲಿ ಎಂಟು ಜನ ಈ ಐದು ಮೆಟ್ಟಿಲು ಹತ್ತಿಯೇ ಬರುತ್ತಾರೆ, ನನಗಂತೂ ನೋಡಿ ನೋಡಿ ಸಾಕಾಗಿದೆ. ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಈ ಹಂತಗಳನ್ನು ಮುಂದಿಟ್ಟಾಗ ಅವರು ಮಾತಾಡಿಸಿದ್ದು ಸಾಯುವ ಕಾಯಿಲೆ ಇದ್ದ ರೋಗಿಗಳನ್ನು. ತಾನು ಸಾಯುತ್ತೇನೆ ಅಂತ ಗೊತ್ತಾದವರ ಮನಸ್ಸು ಹೇಗೆ ನಡೆಯುತ್ತದೆ ಅನ್ನುವುದು ಅವರ ವಿಷಯ. ಆಮೇಲೆ ಅದು ಉಳಿದವರ ದುಃಖಕ್ಕೂ ಹರಡಿತು. ಈ ಕಾದಂಬರಿಯ ಮಗ ಸಾಯುತ್ತೇನೆ ಅಂತ ತಿಳಿಯುವ ಮೊದಲೇ ಹೋಗಿಬಿಟ್ಟ. ಮನೆಯವರಿಗೆ ಚೌಕಾಸಿ ಮಾಡಲು ಒಂದು ಗಂಟೆಯೂ ಸಿಗಲಿಲ್ಲ.

ಐದು ಭಾಗಗಳಿಂದ ಆದ ನಿಜವಾದ ಹಾನಿ ಏನೆಂದರೆ, ಮೂವರೂ ಒಂದೇ ಹೊತ್ತಿಗೆ ಒಂದೇ ಹಂತದಲ್ಲಿದ್ದರು. ಸಿಟ್ಟಿನ ಭಾಗದಲ್ಲಿ 11 ವರ್ಷದ ಹುಡುಗಿಗೂ ಸಿಟ್ಟು, ಒಪ್ಪಿಗೆಯ ಭಾಗದಲ್ಲಿ ಎಲ್ಲರಿಗೂ ಒಪ್ಪಿಗೆ.

ಇದರ ಬದಲು ದುಃಖದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದನ್ನು ಬಳಸಿ ನೋಡೋಣ ಎಂದೆ. ಅವರ ಪ್ರಕಾರ ದುಃಖದಲ್ಲಿರುವವರು ಎರಡು ಕಡೆಗಳ ನಡುವೆ ಓಡಾಡುತ್ತಾರೆ. ಒಂದು ಕಡೆ ಕಳೆದುಕೊಂಡದ್ದರ ಸಂಕಟ, ಇನ್ನೊಂದು ಕಡೆ ಹೊಸದಾಗಿ ಬದುಕು ನಡೆಸುವ ಕೆಲಸ. ಒಂದೇ ದಿನದಲ್ಲಿ ಹತ್ತು ಸಲ ಅತ್ತಿತ್ತ ಹೋಗಿ ಬರಬಹುದು. ಅದು ಸಹಜ. ಇನ್ನೊಂದು ಕಡೆ ಇರುವುದೂ ದುಃಖದ ಭಾಗವೇ, ಮರೆವಲ್ಲ.

ಲೇಖಕಿಗೆ ಒಂದು ಚಿಕ್ಕ ಕೆಲಸ ಕೊಟ್ಟೆ. ಅಧ್ಯಾಯಗಳ ಪಟ್ಟಿ ಮಾಡಿ, ಪ್ರತಿ ಅಧ್ಯಾಯದ ಎದುರು ಮೂವರಿಗೂ ಒಂದೊಂದು ಅಕ್ಷರ ಬರೆಯಿರಿ. ಸಂಕಟದ ಕಡೆ ಇದ್ದರೆ "ಸ", ಬದುಕಿನ ಕಡೆ ಇದ್ದರೆ "ಬ". ಪಟ್ಟಿ ಬಂದಾಗ ಸತತ ಒಂಬತ್ತು ಅಧ್ಯಾಯ ಸ-ಸ-ಸ, ಕೊನೆಯಲ್ಲಿ ಬ-ಬ-ಬ. ಅವರಿಗೆ ನಗು ಬಂತು, ನನಗೂ ಬಂತು. ಆಮೇಲೆ ಅವರು ಮಾಡಿದ ಬದಲಾವಣೆಗಳಿಂದ ಕಾದಂಬರಿಗೆ ಒಂದು ನಡಿಗೆ ಬಂತು. ಅಮ್ಮ ಸಂಕಟದಲ್ಲಿರುವ ದಿನ ಅಪ್ಪ ನಲ್ಲಿ ರಿಪೇರಿ ಮಾಡುತ್ತಿರುತ್ತಾನೆ. ಅವಳಿಗೆ ಅದು ಕಲ್ಲು ಮನಸ್ಸು ಅನ್ನಿಸುತ್ತದೆ. ಐದಾರು ವಾರದ ನಂತರ ಅವಳು ಕೆಲಸಕ್ಕೆ ಹೋಗಿ ಅಲ್ಲಿ ಯಾರದೋ ಮಾತಿಗೆ ನಕ್ಕು ಬರುತ್ತಾಳೆ. ಅವತ್ತೇ ಅಪ್ಪ ಕುಸಿದು ಕೂತಿರುತ್ತಾನೆ. ಈಗ ಕಲ್ಲು ಮನಸ್ಸು ಅವಳದು. ಯಾರೂ ಸುಳ್ಳಲ್ಲ, ಯಾರೂ ಕೆಟ್ಟವರಲ್ಲ. ಹೊತ್ತು ಕೂಡುತ್ತಿಲ್ಲ, ಅಷ್ಟೇ.

ಅಳುವಿನ ಪ್ರಮಾಣದ ಬಗ್ಗೆಯೂ ಒಂದು ಮಾತು. ಹಳೇ ಕರಡಿನ ಅಮ್ಮ ಒಂದು ಅಧ್ಯಾಯದಲ್ಲಿ ಮೂರು ದಿನ ಬಿಡದೆ ಅಳುತ್ತಾಳೆ. 1942ರಲ್ಲಿ ಬೋಸ್ಟನ್ನಿನ ಒಂದು ನೈಟ್‌ಕ್ಲಬ್ ಬೆಂಕಿಗೆ 492 ಜನ ಸತ್ತಿದ್ದರು. ಬದುಕಿ ಉಳಿದವರನ್ನೂ ಸತ್ತವರ ಮನೆಯವರನ್ನೂ ಮಾತಾಡಿಸಿ ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನ ಹಳೆಯದಾದರೂ ಬರಹಗಾರರಿಗೆ ಈಗಲೂ ಉಪಯೋಗಕ್ಕೆ ಬರುತ್ತದೆ. ಗಂಟಲು ಕಟ್ಟುವುದು, ಉಸಿರು ಸಾಲದಾಗುವುದು, ಪದೇ ಪದೇ ನಿಟ್ಟುಸಿರು, ಹೊಟ್ಟೆ ಖಾಲಿಯಾದಂತೆ ಅನ್ನಿಸುವುದು. ಇವು ಅಲೆ ಅಲೆಯಾಗಿ, ಒಂದು ಸಲಕ್ಕೆ 20 ನಿಮಿಷದಿಂದ ಒಂದು ಗಂಟೆಯವರೆಗೆ ಬರುತ್ತವೆ ಅಂತ ಅವರು ದಾಖಲಿಸಿದ್ದಾರೆ. ಹೊಸ ಕರಡಿನ ಅಮ್ಮನಿಗೆ ಇದು ಬರುವುದು ಕಾಲೇಜಿನ ಆಫೀಸಿನಲ್ಲಿ, ಮಗನ ಸರ್ಟಿಫಿಕೇಟ್ ವಾಪಸ್ ಪಡೆಯಲು ನಿಂತ ಸಾಲಿನಲ್ಲಿ. ಅವಳು ಅಳುವುದಿಲ್ಲ. ಉಸಿರು ಸಿಗದೆ ಸಾಲಿನಿಂದ ಪಕ್ಕಕ್ಕೆ ಸರಿಯುತ್ತಾಳೆ. ಮತ್ತೆ ಬಂದಾಗ ಹಿಂದಿನವರು ಜಾಗ ಬಿಡುವುದಿಲ್ಲ. ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗುತ್ತದೆ. ಮೂರು ದಿನದ ಅಳುವಿಗಿಂತ ಈ ಒಂದು ಪುಟ ನನಗೆ ಜಾಸ್ತಿ ತಟ್ಟಿತು.

ಅಲಾರಂ

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಹಳೇ ಕರಡಿನ 212ನೇ ಪುಟದಲ್ಲಿ ಒಂದೇ ಒಂದು ಸಾಲು ಇತ್ತು: ಅಣ್ಣನ ಫೋನ್ ಈಗಲೂ ಬೆಳಗ್ಗೆ ಐದೂವರೆಗೆ ಹೊಡೆಯುತ್ತದೆ. ಅಷ್ಟು ಹೇಳಿ ಲೇಖಕಿ ಮುಂದೆ ಹೋಗಿಬಿಟ್ಟಿದ್ದರು.

ಯೋಚನೆ ಮಾಡಿ. ಪೊಲೀಸರು ಕಾರಿನಿಂದ ತೆಗೆದು ಕೊಟ್ಟ ಫೋನು. ಗಾಜಿನ ಮೂಲೆ ಒಡೆದಿದೆ, ಕೆಲಸ ಮಾಡುತ್ತಿದೆ. ಲಾಕ್ ಆಗಿದೆ, ನಂಬರು ಯಾರಿಗೂ ಗೊತ್ತಿಲ್ಲ. ಅಲಾರಂ ಹೊಡೆದಾಗ ಲಾಕ್ ತೆಗೆಯದೆಯೇ ನಿಲ್ಲಿಸಬಹುದು. ಆದರೆ ನಾಳೆ ಹೊಡೆಯದ ಹಾಗೆ ಮಾಡಬೇಕೆಂದರೆ ಒಳಗೆ ಹೋಗಬೇಕು. ಅಂದರೆ ದಿನಾ ಯಾರಾದರೂ ಎದ್ದು ನಿಲ್ಲಿಸಬೇಕು. ಇಲ್ಲದಿದ್ದರೆ ಚಾರ್ಜ್ ಹಾಕದೆ ಬಿಡಬೇಕು. ಬಿಟ್ಟರೆ ಒಂದೆರಡು ದಿನದಲ್ಲಿ ಅದೇ ಆರಿಹೋಗುತ್ತದೆ. ಚಾರ್ಜ್ ಹಾಕುವುದೋ ಬೇಡವೋ ಅನ್ನುವುದು ಆ ಮನೆಯಲ್ಲಿ ಪ್ರತಿ ರಾತ್ರಿ ತೀರ್ಮಾನ ಆಗಬೇಕಾದ ವಿಷಯ.

ಇದನ್ನು ಮುಂದಕ್ಕೆ ತನ್ನಿ ಅಂದೆ. ಅವರು ತಂದರು, ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ತಂದರು. ಈಗ ಅಮ್ಮ ಪ್ರತಿ ರಾತ್ರಿ ಚಾರ್ಜ್ ಹಾಕುತ್ತಾಳೆ. ಬೆಳಗ್ಗೆ ಅಲಾರಂ ಹೊಡೆದಾಗ ಎದ್ದು ಹೋಗಿ ನಿಲ್ಲಿಸುತ್ತಾಳೆ. ಅಪ್ಪನಿಗೆ ಆ ಸದ್ದು ಕೇಳಲು ಆಗುವುದಿಲ್ಲ. ಆ ಹೊತ್ತಿಗೆ ಎಚ್ಚರ ಆಗುವುದು ಅಂದರೇನೇ ಅವನಿಗೆ ಭಯ. ಒಂದು ರಾತ್ರಿ ಅವನು ಸದ್ದಿಲ್ಲದೆ ಚಾರ್ಜರ್ ಪಿನ್ನನ್ನು ಅರ್ಧ ಎಳೆದು ಬಿಡುತ್ತಾನೆ. ಪೂರ್ತಿ ತೆಗೆಯುವ ಧೈರ್ಯ ಇಲ್ಲ. ಬೆಳಗ್ಗೆ ಅಮ್ಮ ಅದನ್ನು ನೋಡುತ್ತಾಳೆ. ಕರಡಿನ ಸಾಲುಗಳನ್ನು ಅವರ ಅನುಮತಿಯಿಂದ ಹಾಗೇ ಹಾಕುತ್ತೇನೆ:

"ಅಮ್ಮ ಪಿನ್ನನ್ನು ಒತ್ತಿ ಕೂರಿಸಿದಳು. ಅಡುಗೆಮನೆಗೆ ಬಂದು ಅಪ್ಪನ ಮುಂದೆ ಲೋಟ ಇಟ್ಟಳು. 'ಇಲಿ ಬರ್ತಿದೆ ಅಂತ ಕಾಣುತ್ತೆ,' ಅಂದಳು. 'ಇರಬಹುದು,' ಅಂದ ಅಪ್ಪ."

ಇನ್ನು ತಂಗಿ. ಅಣ್ಣ ನಂಬರ್ ಒತ್ತುವುದನ್ನು ಅವಳು ನೂರು ಸಲ ನೋಡಿದ್ದಾಳೆ. ಅವಳಿಗೆ ಲಾಕ್ ಗೊತ್ತು. ಹೇಳುವುದಿಲ್ಲ. ಹೇಳಿದರೆ ಅಪ್ಪ ಅಲಾರಂ ತೆಗೆಸುತ್ತಾನೆ, ಅಮ್ಮ ಒಳಗೆ ಹೋಗಿ ಅವನ ಮೆಸೇಜೆಲ್ಲ ಓದುತ್ತಾಳೆ. ಎರಡೂ ಅಣ್ಣನಿಗೆ ಇಷ್ಟ ಆಗುತ್ತಿರಲಿಲ್ಲ ಅಂತ ಅವಳ ಲೆಕ್ಕ. ಈ ಲೆಕ್ಕ ನನಗೆ ತುಂಬ ಹಿಡಿಸಿತು. ಸತ್ತವನ ಗುಟ್ಟು ಕಾಯುವುದೂ ಪ್ರೀತಿಯೇ, ಅದನ್ನು ಬೇರೆ ಯಾರೂ ಅವಳಿಗೆ ಕಲಿಸಿಕೊಟ್ಟಿಲ್ಲ.

ಹಳೇ ಕರಡಿನಲ್ಲಿ ಈ ಹುಡುಗಿಯದು ದೊಡ್ಡ ತೊಂದರೆಯಾಗಿತ್ತು. "ಅಣ್ಣ ಯಾವಾಗ ಬರ್ತಾನೆ?" ಅಂತ ಕೇಳಿ ಕೇಳಿ ಓದುಗರನ್ನು ಅಳಿಸುವುದು ಅವಳ ಕೆಲಸ. 11ಕ್ಕೆ ಯಾರೂ ಹಾಗೆ ಕೇಳುವುದಿಲ್ಲ. ಸತ್ತವರು ತಿರುಗಿ ಬರುವುದಿಲ್ಲ ಅನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದೊಳಗೇ ತಿಳಿಯುತ್ತದೆ. ಮರಿಯಾ ನಾಗಿ ಹಂಗೆರಿಯ ಮಕ್ಕಳ ಬಗ್ಗೆ 1948ರಲ್ಲಿ ಬರೆದಾಗಲೂ, 9 ದಾಟಿದವರಿಗೆ ಸಾವು ದೊಡ್ಡವರಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂದೇ ಕಂಡಿತ್ತು. ಮಕ್ಕಳಲ್ಲಿ ಬೇರೆಯಾಗಿರುವುದು ದುಃಖದ ಅವಧಿ. ಐದು ನಿಮಿಷ ಅಳುತ್ತಾರೆ, ಮರುಕ್ಷಣ ಟಿವಿ ರಿಮೋಟ್ ಎಲ್ಲಿ ಅಂತ ಕೇಳುತ್ತಾರೆ. ದೊಡ್ಡವರು ಅದನ್ನು ನೋಡಿ ಮರೆತುಬಿಟ್ಟಳು ಅಂದುಕೊಳ್ಳುತ್ತಾರೆ. ಈ ಕಾದಂಬರಿಯಲ್ಲೂ ಅಮ್ಮ ಹಾಗೇ ಅಂದುಕೊಳ್ಳುತ್ತಾಳೆ. ಮಗಳು ಆ ಹೊತ್ತಿನಲ್ಲೇ ಆರು ಅಂಕಿಗಳನ್ನು ಮರೆಯದಂತೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿರುತ್ತಾಳೆ.

ಕೌನ್ಸೆಲರ್ ಪಾತ್ರವೊಂದಿತ್ತು. ಎರಡು ಅಧ್ಯಾಯಕ್ಕೆ ಬಂದು "ಅವನನ್ನು ಬಿಟ್ಟುಕೊಡಿ, ಆಗಲೇ ನೀವು ಮುಂದೆ ಹೋಗಲು ಸಾಧ್ಯ" ಅನ್ನುತ್ತಿದ್ದಳು. ಮಾತು ಪಠ್ಯಪುಸ್ತಕದ್ದು, ಅದೂ ಹಳೇ ಪಠ್ಯ. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಅನ್ನುವ ವಿಚಾರ 1917ರ ಫ್ರಾಯ್ಡ್ ಕಾಲದ್ದು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಅನ್ನುವ ಮೂವರು ಸಂಶೋಧಕರು ಅದಕ್ಕೆ ಎದುರಾಗಿ, ಸತ್ತವರೊಂದಿಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದೇ ಸಹಜ ಎಂದರು. ಅಂದರೆ ಅಮ್ಮ ಚಾರ್ಜ್ ಹಾಕುವುದು ತಾನಾಗಿಯೇ ಕಾಯಿಲೆ ಆಗುವುದಿಲ್ಲ. ಕೌನ್ಸೆಲರ್‌ಳನ್ನು ಪೂರ್ತಿ ತೆಗೆದೆವು. ಕಥೆಗೆ ಏನೂ ಕಡಿಮೆ ಬೀಳಲಿಲ್ಲ.

ಒಪ್ಪಿದ್ದು, ಒಪ್ಪದ್ದು

ಗಂಡ ಹೆಂಡತಿ ಬೇರೆಯಾಗುವುದು ಹಳೇ ಕರಡಿನ ಕೊನೆ. ಮಗು ಸತ್ತ ಮೇಲೆ ಹೆಚ್ಚಿನ ಮದುವೆಗಳು ಮುರಿಯುತ್ತವೆ, ಅದು ಎಲ್ಲರಿಗೂ ಗೊತ್ತಲ್ವಾ ಅಂತ ಲೇಖಕಿ ಕೇಳಿದರು. ಎಲ್ಲರಿಗೂ ಗೊತ್ತಿರುವ ಆ ಮಾತಿಗೆ ಗಟ್ಟಿ ಆಧಾರ ಇಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗಾಗಿಯೇ ಇರುವ 'ಕಂಪ್ಯಾಶನೇಟ್ ಫ್ರೆಂಡ್ಸ್' ಸಂಸ್ಥೆ 1969ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಅದರ ಅಮೆರಿಕದ ಶಾಖೆ 2006ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ವಿಚ್ಛೇದನ ಆದವರು ಶೇಕಡಾ 16 ಮಾತ್ರ. ಇದನ್ನು ಕೇಳಿದ ಮೇಲೆ ಅವರು ವಿಚ್ಛೇದನ ತೆಗೆದರು. ಅಂಕಿ ನೋಡಿ ಕಥೆ ಬದಲಾಯಿಸಬೇಕು ಅಂತ ನಾನು ಹೇಳುವುದಿಲ್ಲ. ಶೇಕಡಾ 16ರಲ್ಲೂ ಕಾದಂಬರಿ ಇರುತ್ತದೆ. ಆದರೆ ಇಲ್ಲಿ ಆ ಇಬ್ಬರು ಬೇರೆಯಾಗಿದ್ದು ಎಲ್ಲರೂ ಆಗುತ್ತಾರೆ ಅನ್ನುವ ಕಾರಣಕ್ಕೆ ಮಾತ್ರ. ಇಲಿಯ ಮೇಲೆ ತಪ್ಪು ಹಾಕುವ ಗಂಡ ಹೆಂಡತಿ ಬೇರೆಯಾಗುವವರಲ್ಲ ಅಂತ ನನಗೆ ಅನ್ನಿಸಿತು.

ನಾವು ಒಪ್ಪದೇ ಉಳಿದದ್ದು ಎರಡು ಕಡೆ. ಅಪ್ಪ ಎಂದಾದರೂ ಆ ಮಾತನ್ನು ಬಾಯಿಬಿಟ್ಟು ಹೇಳಬೇಕು ಅನ್ನುವುದು ನನ್ನ ವಾದ. "ಮಲಗೋಣ ಅಂತ ಅವನು ಅಂದಿದ್ದ" ಅಂತ ಒಂದು ಸಲ. 200 ಪುಟ ಬಚ್ಚಿಟ್ಟದ್ದನ್ನು ಓದುಗರು ಕಾಯುತ್ತಾ ಬಂದಿರುತ್ತಾರೆ. ಲೇಖಕಿ ಖಡಾಖಂಡಿತ ಬೇಡ ಎಂದರು. "ಅವನು ಹೇಳಿದ್ರೆ ಅಮ್ಮ ಉಳಿಯಲ್ಲ ಸರ್. ಅದು ಅವನಿಗೂ ಗೊತ್ತು. ಹೇಳದೇ ಇರೋದೇ ಅವನು ಅವಳಿಗೋಸ್ಕರ ಮಾಡ್ತಿರೋ ಒಂದೇ ಕೆಲಸ." ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ. ಆದರೆ ಪಾತ್ರ ಅವರದು, ವಾದದಲ್ಲಿ ತೂಕವೂ ಇದೆ.

ಇನ್ನೊಂದು, ಕಾದಂಬರಿ ನಿಲ್ಲುವ ಕಾಲ. ಅವರದು ಒಂಬತ್ತನೇ ತಿಂಗಳಿಗೆ ನಿಲ್ಲುತ್ತದೆ. ವರ್ಷ ದಾಟಿಸಿ ಎಂದು ನಾನು ಹೇಳಿದ್ದೆ. ಅದಕ್ಕೆ ಕಾರಣ ಇತ್ತು. ದುಃಖ ಯಾವಾಗ ಚಿಕಿತ್ಸೆ ಬೇಕಾದಷ್ಟು ದೀರ್ಘವಾಯಿತು ಅನ್ನುವುದಕ್ಕೆ ವೈದ್ಯರೂ ಗಡಿ ಹಾಕಿದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2022ರ ಆವೃತ್ತಿ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕನಿಷ್ಠ 6 ತಿಂಗಳು. ಒಂಬತ್ತನೇ ತಿಂಗಳು ಒಂದು ಲೆಕ್ಕದಲ್ಲಿ ಗಡಿಯ ಆಚೆ, ಇನ್ನೊಂದರಲ್ಲಿ ಈಚೆ. ಅಮ್ಮ ಸರಿಹೋಗುತ್ತಿದ್ದಾಳಾ ಇಲ್ಲವಾ ಅನ್ನುವುದು ಓದುಗರಿಗೆ ತಿಳಿಯುವುದೇ ಇಲ್ಲ. ಇದನ್ನು ಕೊರತೆ ಅಂತ ಹೇಳಲು ಹೋದೆ. ಅವರು ಅದನ್ನೇ ಕಾರಣ ಮಾಡಿಕೊಂಡು ಒಂಬತ್ತಕ್ಕೇ ನಿಲ್ಲಿಸಿದರು.

ಈಗ ಹಸ್ತಪ್ರತಿ 280 ಪುಟ ಇದೆ, ಭಾಗಗಳಿಲ್ಲ, ಬರೀ ಅಧ್ಯಾಯಗಳು. ಒಬ್ಬ ಪ್ರಕಾಶಕರು ಓದಿದ್ದಾರೆ. ಅವರಿಂದ ಬಂದ ಪ್ರಶ್ನೆ ಒಂದೇ: ಅಪ್ಪನ ಮೇಲಿನ ಕೇಸು ಕೊನೆಗೆ ಏನಾಯಿತು, ತೀರ್ಪು ಒಂದು ಪುಟದಲ್ಲಾದರೂ ಬರಬೇಡವೇ? ಸೇರಿಸುವುದಿಲ್ಲ ಎಂದು ಲೇಖಕಿ ಬರೆದು ಕಳಿಸಿದ್ದಾರೆ. ಈ ವಿಷಯದಲ್ಲಿ ನಾನು ಅವರ ಕಡೆ.